ಡಾಲರ್ ಲೆಕ್ಕ, ಆಯಸ್ಸಿನ ಲೆಕ್ಕ

ಅಮೆರಿಕದಲ್ಲಿರುವ ಮಗನಿಗೋ ಅಳಿಯನಿಗೋ ಎಷ್ಟು ಸಂಬಳ ಅಂತ ಗೊತ್ತಾದ ಕೂಡಲೇ ನಾವು ಅದನ್ನು ರೂಪಾಯಿಗೆ ಗುಣಿಸುತ್ತೇವೆ. ಆದರೆ ಅಲ್ಲಿ ದುಡಿದವರು ಅಲ್ಲೇ ಬದುಕಬೇಕು, ಮನೆ ಬಾಡಿಗೆಯಿಂದ ಹಿಡಿದು ಕ್ಷೌರದವರೆಗೆ ಎಲ್ಲದಕ್ಕೂ ಅಲ್ಲಿನ ಬೆಲೆಯನ್ನೇ ಕೊಡಬೇಕು. ಅದಕ್ಕೇ ಎರಡು ದೇಶಗಳ ಆದಾಯ ಹೋಲಿಸುವಾಗ ಅರ್ಥಶಾಸ್ತ್ರಜ್ಞರು ವಿನಿಮಯ ದರವನ್ನು ನಂಬುವುದಿಲ್ಲ. ಒಂದೇ ಬಗೆಯ ಸಾಮಾನು ಎರಡೂ ಕಡೆ ಎಷ್ಟಕ್ಕೆ ಸಿಗುತ್ತದೆ ಎಂದು ನೋಡುತ್ತಾರೆ. ಕೊಳ್ಳುವ ಶಕ್ತಿಯ ಲೆಕ್ಕ ಅಂದರೆ ಇದೇ.

ಈ ಲೆಕ್ಕವೂ ಸಾಲದು ಅನ್ನೋದಕ್ಕೆ ಅಮೆರಿಕದ ಪಕ್ಕದಲ್ಲಿ ಕೋಸ್ಟರಿಕಾವನ್ನು ಇಟ್ಟು ನೋಡಬೇಕು. ಮಧ್ಯ ಅಮೆರಿಕದ ಈ ಪುಟ್ಟ ದೇಶದ ಜನಸಂಖ್ಯೆ ಸುಮಾರು 50 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಕೊಳ್ಳುವ ಶಕ್ತಿಯ ಲೆಕ್ಕದಲ್ಲೂ ಅಲ್ಲಿನ ತಲಾ ಆದಾಯ ಅಮೆರಿಕದ ಮೂರನೇ ಒಂದು ಪಾಲಿನ ಆಸುಪಾಸು. ಆದರೂ ಕೋವಿಡ್‌ಗೆ ಮುಂಚೆ, 2019ರಲ್ಲಿ, ಅಲ್ಲಿನ ಸರಾಸರಿ ಆಯಸ್ಸು ಸುಮಾರು 80 ವರ್ಷ, ಅಮೆರಿಕದ್ದು 78.8. ಅಮೆರಿಕ ಆರೋಗ್ಯಕ್ಕೆ ತನ್ನ ಜಿಡಿಪಿಯ ಶೇ 17ರಷ್ಟು ಖರ್ಚು ಮಾಡುತ್ತದೆ, ಹಾಗಿದ್ದೂ ಹೀಗೆ.

ಸರಾಸರಿ ಆಯಸ್ಸು ಅಂದರೆ ಭವಿಷ್ಯ ಹೇಳುವುದಲ್ಲ. ಈ ವರ್ಷ ಯಾವ ಯಾವ ವಯಸ್ಸಿನಲ್ಲಿ ಎಷ್ಟು ಜನ ಸತ್ತರು ಎಂಬ ಪ್ರಮಾಣವನ್ನು ಇಟ್ಟುಕೊಂಡು, ಈಗ ಹುಟ್ಟಿದ ಮಗು ಜೀವನವಿಡೀ ಅದೇ ಅಪಾಯಗಳನ್ನು ದಾಟಿ ಹೋದರೆ ಎಷ್ಟು ವರ್ಷ ಬದುಕೀತು ಎಂದು ಹಾಕುವ ಲೆಕ್ಕ ಅದು. ಹಾಗಾಗಿ 85ರ ಅಜ್ಜನ ಸಾವಿಗಿಂತ 30ರ ಯುವಕನ ಸಾವು ಈ ಸಂಖ್ಯೆಯನ್ನು ತುಂಬಾ ಜಾಸ್ತಿ ಕೆಳಕ್ಕೆ ಎಳೆಯುತ್ತದೆ. ಅಮೆರಿಕದಲ್ಲಿ 2021ರಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚು. ಕೋವಿಡ್ ಕೂಡ ಸೇರಿ ಆ ವರ್ಷ ಅಲ್ಲಿನ ಆಯಸ್ಸು 76.4ಕ್ಕೆ ಇಳಿಯಿತು.

ನನ್ನ ಮನಸ್ಸಿನಲ್ಲಿ ನಿಂತಿರುವುದು ಇನ್ನೊಂದು ವಿಷಯ. 2016ರಲ್ಲಿ ಎರಡೂ ದೇಶಗಳ ಸಾವಿನ ಪ್ರಮಾಣವನ್ನು ಮೇಲಿನ ವರ್ಗ, ಕೆಳಗಿನ ವರ್ಗ ಎಂದು ಬಿಡಿಸಿ ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಮೇಲಿನ ಕಾಲು ಭಾಗದ ಜನರಲ್ಲಿ ಅಮೆರಿಕದವರೇ ವಾಸಿ. ಕೆಳಗಿನ ಕಾಲು ಭಾಗಕ್ಕೆ ಬಂದರೆ ಅಮೆರಿಕದ ಬಡವರು ಕೋಸ್ಟರಿಕಾದ ಬಡವರಿಗಿಂತ ತುಂಬಾ ಬೇಗ ಸಾಯುತ್ತಾರೆ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಅಮೆರಿಕದ ಅತಿ ಶ್ರೀಮಂತ ಶೇ 1ರಷ್ಟು ಗಂಡಸರು ಅತಿ ಬಡ ಶೇ 1ರಷ್ಟು ಗಂಡಸರಿಗಿಂತ ಸರಾಸರಿ 14.6 ವರ್ಷ ಹೆಚ್ಚು ಬದುಕುತ್ತಾರೆ. ಒಂದೇ ದೇಶದೊಳಗೆ!

ಕೋಸ್ಟರಿಕಾದಲ್ಲಿ ಆದಾಯದ ಅಂತರ ಕಡಿಮೆಯೇನೂ ಇಲ್ಲ, ಅಮೆರಿಕಕ್ಕಿಂತ ಜಾಸ್ತಿಯೇ ಇದೆ. ಆದರೆ ದುಡ್ಡಿನ ಅಂತರ ಆಯಸ್ಸಿನ ಅಂತರವಾಗಿ ಬೆಳೆಯದಂತೆ ಅವರು ನೋಡಿಕೊಂಡರು. ಅದಕ್ಕೆ ದಶಕಗಳೇ ಹಿಡಿದವು. 1941ರಲ್ಲಿ ಸಾಮಾಜಿಕ ವಿಮೆಯ ಸಂಸ್ಥೆಯೊಂದು ಶುರುವಾಯಿತು, ಜನ ಅದನ್ನು ಸುಮ್ನೆ ‘ಕಾಹಾ’ ಅಂತ ಕರೆಯುತ್ತಾರೆ. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದರು. 1990ರ ದಶಕದಲ್ಲಿ ಇಡೀ ದೇಶವನ್ನು ಸಣ್ಣ ಸಣ್ಣ ಪ್ರದೇಶಗಳಾಗಿ ಹಂಚಿ, ನಾಲ್ಕೈದು ಸಾವಿರ ಜನಕ್ಕೆ ಒಂದು ಆರೋಗ್ಯ ತಂಡ ಇಟ್ಟರು. ತಂಡದಲ್ಲಿ ವೈದ್ಯರು, ನರ್ಸ್ ಇರುತ್ತಾರೆ, ಜೊತೆಗೆ ಮನೆಮನೆಗೆ ಹೋಗುವ ಒಬ್ಬ ಕಾರ್ಯಕರ್ತರೂ ಇರುತ್ತಾರೆ. ಬೆನ್ನಿಗೆ ಚೀಲ, ಲಸಿಕೆಯ ತಂಪು ಪೆಟ್ಟಿಗೆ. ಯಾರಿಗೆ ಬಿಪಿ ಇದೆ, ಯಾರ ಮಗುವಿಗೆ ಲಸಿಕೆ ತಪ್ಪಿದೆ, ಯಾವ ಮನೆಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ, ಎಲ್ಲ ಅವರ ದಾಖಲೆಯಲ್ಲಿರುತ್ತದೆ. ಬಡವರ ಮನೆಗೆ ಹೋಗುವುದು ಶ್ರೀಮಂತರ ಮನೆಗಿಂತ ಹೆಚ್ಚು ಸಲ. ರೋಗ ಜೋರಾದ ಮೇಲೆ ಆಸ್ಪತ್ರೆಗೆ ಓಡುವುದಕ್ಕೂ ಬಿಪಿ ಏರಿದ್ದನ್ನು ಅಡುಗೆಮನೆಯಲ್ಲೇ ಕಂಡುಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಹಾಗಂತ ಅದು ಸ್ವರ್ಗವಲ್ಲ. ಶಿಶುಮರಣ ಪ್ರಮಾಣ ಅಮೆರಿಕಕ್ಕಿಂತ ಹೆಚ್ಚು. ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು. ಈಚಿನ ವರ್ಷಗಳಲ್ಲಿ ಕೊಲೆಗಳೂ ಜಾಸ್ತಿಯಾಗಿವೆ. ಆಯಸ್ಸು, ಶಿಕ್ಷಣ, ಆದಾಯ ಮೂರನ್ನೂ ಸೇರಿಸುವ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಅಮೆರಿಕವೇ ಬಹಳ ಮುಂದಿದೆ. 1990ರಲ್ಲಿ ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್ ಮತ್ತು ಅಮರ್ತ್ಯ ಸೇನ್ ಅವರ ಆಲೋಚನೆಯಿಂದ ಬಂದ ಈ ಸೂಚ್ಯಂಕ ಜಿಡಿಪಿಗಿಂತ ಎಷ್ಟೋ ಮೇಲು. ಆದರೆ ಅದರ ಮುಖ್ಯ ಸಂಖ್ಯೆಯೂ ಸರಾಸರಿಯೇ, ಕೆಳಗಿನ ಕಾಲು ಭಾಗದವರ ಕಥೆ ಅದರಲ್ಲಿ ಕಾಣುವುದಿಲ್ಲ.

ಕೋಸ್ಟರಿಕಾದ ಆ ಕಾರ್ಯಕರ್ತರ ಬಗ್ಗೆ ಓದಿದಾಗ ನನಗೆ ನೆನಪಾಗುವುದು ನಮ್ಮ ಆಶಾ ಕಾರ್ಯಕರ್ತೆಯರು. 2005ರಲ್ಲಿ ಶುರುವಾದ ಯೋಜನೆ, ಹೆಚ್ಚುಕಡಿಮೆ ಅದೇ ಕೆಲಸ. ಅಲ್ಲಿನವರು ಕಾಹಾದ ಸಂಬಳದ ನೌಕರರು. ಇಲ್ಲಿನವರನ್ನು ಇನ್ನೂ ಸ್ವಯಂಸೇವಕಿಯರು ಎಂದೇ ಲೆಕ್ಕ ಹಾಕಲಾಗುತ್ತದೆ, ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರು ಹಗಲು ರಾತ್ರಿ ಧರಣಿ ಕೂತಿದ್ದು ತಿಂಗಳಿಗೆ 15,000 ರೂಪಾಯಿಯಾದರೂ ಖಾತ್ರಿಯಾಗಿ ಕೈಗೆ ಬರಲಿ ಅಂತ.