ಒಳಗೆ ಸಿಕ್ಕಿಕೊಂಡ ಕೂದಲನ್ನು ಕೀಳಬೇಡಿ

ಸೆಕೆ ಏರಿ, ಮದುವೆ, ಮೆಹಂದಿ, ರೋಸ್‌ಗಳ (ಕ್ರೈಸ್ತರಲ್ಲಿ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಸಾಲು ಶುರುವಾದರೆ ಸಾಕು; ವ್ಯಾಕ್ಸಿಂಗ್, ಶೇವಿಂಗ್ ಮಾಡಿ ತೊಡೆಸಂದಿಯಲ್ಲಿ, ಕಾಲಲ್ಲಿ, ಕಂಕುಳಲ್ಲಿ ಕೂದಲು ಚರ್ಮದೊಳಗೇ ಸಿಕ್ಕಿ ಬೊಕ್ಕೆ ಎದ್ದವರು ಮಂಗಳೂರಿನ ಚರ್ಮದ ಡಾಕ್ಟರುಗಳಲ್ಲಿಗೆ ಬರುತ್ತಾರೆ. ಅಷ್ಟರೊಳಗೆ ಹೆಚ್ಚಿನವರು ಸೇಫ್ಟಿ ಪಿನ್ನಿನಲ್ಲಿ ಕೆದಕಿ, ಪ್ಲಕ್ಕರಿನಲ್ಲಿ ಕೂದಲನ್ನು ಬುಡದಿಂದಲೇ ಎಳೆದಾಗಿರುತ್ತದೆ. "ಕೂದಲು ತೆಗೆದಾಯ್ತಲ್ಲ ಡಾಕ್ಟ್ರೇ, ಮತ್ತೆ ಅಲ್ಲೇ ಯಾಕೆ ಬಂತು?"

ಕಿತ್ತದ್ದಕ್ಕೇ ಬಂತು. ಕೂದಲು ಕಿತ್ತರೆ ಬುಡ ಸಾಯುವುದಿಲ್ಲ. ಕೆಲವು ವಾರಗಳಲ್ಲಿ ಅದೇ ರಂಧ್ರದಲ್ಲಿ ಹೊಸ ಕೂದಲು ಆಳದಿಂದ ಹೊರಡುತ್ತದೆ. ಕೆದಕಿದ ಗಾಯ ಮಾಗುವಾಗ ರಂಧ್ರದ ಬಾಯಿ ಬಿಗಿದಿದ್ದರೆ ಅದಕ್ಕೆ ದಾರಿಯಿಲ್ಲ. ಪಕ್ಕದ ಗೋಡೆಯನ್ನೇ ಚುಚ್ಚುತ್ತದೆ. ಮುಳ್ಳು ಹೊಕ್ಕರೆ ಹೇಗೋ ಹಾಗೆಯೇ ದೇಹ ಅದರ ಮೇಲೆ ಎರಗುತ್ತದೆ: ಕೆಂಪು, ಊತ, ಕೀವು. ಕೀವು ಕಂಡ ಮಾತ್ರಕ್ಕೆ ಸೋಂಕು ಅಂತಲೂ ಅಲ್ಲ, ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಡ.

ಆಗಬೇಕಾದ್ದು ಇಷ್ಟು: ತುದಿಯನ್ನು ಬಿಡಿಸುವುದು, ಬುಡವನ್ನು ಮುಟ್ಟದಿರುವುದು. ಮೊದಲು ಆ ಜಾಗದಲ್ಲಿ ನಾಲ್ಕು ವಾರವಾದರೂ ರೇಜರ್, ವ್ಯಾಕ್ಸ್ ನಿಲ್ಲಿಸಿ. ಉದ್ದವಾದಂತೆ ಎಷ್ಟೋ ಕೂದಲು ತಾನಾಗಿಯೇ ಮೇಲೆ ಬರುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುಚಿ ಬೈರಾಸನ್ನು ದಿನಕ್ಕೆ ಎರಡು ಮೂರು ಸಲ, ಹತ್ತು ನಿಮಿಷ ಇಡಿ. ತೆಳು ಚರ್ಮದಡಿ ಕೂದಲಿನ ಕಪ್ಪು ಕುಣಿಕೆ ಸ್ಪಷ್ಟವಾಗಿ ಕಂಡರೆ ಮಾತ್ರ, ಮೆಡಿಕಲ್‌ನಿಂದ ತಂದ ಹೊಸ ಸಿರಿಂಜ್ ಸೂಜಿಯನ್ನು ಕುಣಿಕೆಯ ಕೆಳಗೆ ತೂರಿಸಿ ತುದಿಯನ್ನು ಎತ್ತಿ ಬಿಡಿ. ಅಲ್ಲಿಗೆ ನಿಲ್ಲಿಸಿ. ಕಾಣದಿದ್ದರೆ ಹುಡುಕಲು ಹೋಗಬೇಡಿ. ನಮ್ಮ ಚರ್ಮದಲ್ಲಿ ಕೆದಕಿದ ಕಲೆ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ.

ರಾತ್ರಿ ಅಡಾಪಲೀನ್ 0.1% ಜೆಲ್ ತೆಳುವಾಗಿ ಹಚ್ಚಿದರೆ ರಂಧ್ರದ ಬಾಯಿ ತೆರೆದಿರುತ್ತದೆ. ಉರಿ ಬಂದರೆ ದಿನ ಬಿಟ್ಟು ದಿನ ಸಾಕು, ಗರ್ಭಿಣಿಯರಿಗೆ ಬೇಡ. ಕೌಂಟರಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆಸಿದ ಕ್ರೀಮನ್ನಂತೂ ತೊಡೆಸಂದಿಗೆ ಹಚ್ಚಲೇಬೇಡಿ ಮಾರಾಯ್ರೆ. ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಬಿಳಿ ಗೆರೆ ಬೀಳುತ್ತದೆ, ಹುಳುಕಡ್ಡಿಯಿದ್ದರೆ ಹಬ್ಬುತ್ತದೆ.

ಮತ್ತೆ ಶೇವ್ ಮಾಡುವಾಗ ಸ್ನಾನದ ನಂತರ, ಕೂದಲು ಬೆಳೆದ ದಿಕ್ಕಿಗೇ, ಒಂದೇ ಬ್ಲೇಡಿನ ರೇಜರಿನಲ್ಲಿ, ಚರ್ಮ ಎಳೆದು ಹಿಡಿಯದೆ ಮಾಡಿ. ಮೂರು ನಾಲ್ಕು ಬ್ಲೇಡಿನವು ಕೂದಲನ್ನು ಎತ್ತಿ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತವೆ. ಆ ಚೂಪು ತುದಿಯೇ ಒಳಗೆ ಚುಚ್ಚುವುದು. ಒಂದು ಮಿಲಿಮೀಟರ್ ಉಳಿಸುವ ಟ್ರಿಮ್ಮರ್ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಅರೆಒಣಗಿದ ಬಿಗಿ ಜೀನ್ಸ್ ಹಾಕಿದರೆ ಇದೆಲ್ಲ ಮಾಡಿಯೂ ಗುಣ ನಿಧಾನ.

ಪದೇಪದೇ ಬರುವವರಿಗೆ ಲೇಸರ್ ಇದೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಎಂಬ ಬಗೆಯ ಲೇಸರ್ ಹೆಚ್ಚು ಸುರಕ್ಷಿತ. ನಾಲ್ಕರಿಂದ ಆರು ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ ಆರಾದರೂ ಸಿಟ್ಟಿಂಗ್ ಬೇಕು, ನಡುವೆ ವ್ಯಾಕ್ಸ್ ಮಾಡುವಂತಿಲ್ಲ. ಕಂಕುಳು, ತೊಡೆಸಂದಿಯಲ್ಲಿ ನೋಯುವ ಗಂಟುಗಳು ಮತ್ತೆ ಮತ್ತೆ ಎದ್ದು ಸೋರುತ್ತಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು. ಅಂಥವರು, ಜ್ವರ ಬಂದವರು, ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಸೂಜಿ ಹಿಡಿಯದೆ ನೇರ ತೋರಿಸಿ.