ಮಳೆಗಾಲದ ಜಡೆಗೆ ಎಂಥ ಬಾಚಣಿಗೆ, ಎಂಥ ಬ್ಯಾಂಡು?

ಕಾರವಾರ, ಅಂಕೋಲಾ, ಕುಮಟಾ ಕಡೆ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. 12–14ರ ಹುಡುಗಿಗೆ ಚೀಲ, ಕೊಡೆಯ ಜೊತೆ ಬಾಚಣಿಗೆ, ಪಿನ್ನು, ಬ್ಯಾಂಡು, ಟೇಪುಗಳನ್ನು ಕೊಳ್ಳುವುದೂ ಆಗಲೇ. ಬಣ್ಣ, ಆಕಾರ ಅವಳಿಷ್ಟ. ಆದರೆ ಮುಂದಿನ ನಾಲ್ಕು ತಿಂಗಳು ಆ ತಲೆ ಪೂರ್ತಿ ಒಣಗುವುದೇ ಅಪರೂಪ. ಹಾಗಾಗಿ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು, ಈ ವಸ್ತು ಒದ್ದೆ ಕೂದಲನ್ನು ಎಷ್ಟು ಎಳೆಯುತ್ತದೆ, ಎಷ್ಟು ಉಜ್ಜುತ್ತದೆ ಎಂಬುದನ್ನು.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರ ಮೈಮೇಲೆ ತೆಳು ಹುರುಪೆಗಳು ಹೆಂಚು ಹೊದೆಸಿದಂತೆ ಒಂದರ ಮೇಲೊಂದು, ಬುಡದಿಂದ ತುದಿಯ ಕಡೆಗೆ ಮುಖಮಾಡಿ ಕೂತಿರುತ್ತವೆ. ಒಳಗಿನ ಪ್ರೋಟೀನ್ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ಬಹಳ ಸಡಿಲ, ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ. ಆಗ ಕೂದಲು ಉಬ್ಬುತ್ತದೆ, ಹುರುಪೆಗಳು ಮೇಲೇಳುತ್ತವೆ, ಎಳೆದರೆ ಒಣ ಕೂದಲಿಗಿಂತ ಹೆಚ್ಚು ಉದ್ದಕ್ಕೆ ಜಗ್ಗುತ್ತದೆ. ತನ್ನ ಉದ್ದದ ಸುಮಾರು ಮೂರನೇ ಒಂದು ಪಾಲಿಗಿಂತ ಹೆಚ್ಚು ಜಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ತಲೆ ಮಿಂದ ಕೂಡಲೇ ಸಣ್ಣ ಹಲ್ಲಿನ ಬಾಚಣಿಗೆಯನ್ನು ಬುಡದಿಂದ ಒಂದೇ ಸಮ ಎಳೆದರೆ ಆಗುವುದು ಇದೇ.

ಸಿಕ್ಕು ಬಿಡಿಸಲು ಅಗಲ ಹಲ್ಲಿನ ಬಾಚಣಿಗೆ ಬೇಕು. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಗಳಲ್ಲಿ ಅಚ್ಚಿನ ಎರಡು ಭಾಗ ಕೂಡಿದಲ್ಲಿ, ಪ್ರತಿ ಹಲ್ಲಿನ ಮೇಲೂ ಸಣ್ಣ ಏಣು ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹುರುಪೆಯನ್ನು ಮಾತ್ರ ಕೆರೆಯುತ್ತದೆ. ಚೂರು ಹತ್ತಿಯನ್ನು ಹಲ್ಲುಗಳ ನಡುವೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಆ ಬಾಚಣಿಗೆ ಬೇಡ. ಮರದ ಬಾಚಣಿಗೆ ನುಣುಪಾಗಿರುತ್ತದೆ ನಿಜ, ಆದರೆ ಶಿರಸಿಯ ಮಳೆಗಾಲದಲ್ಲಿ ಬಚ್ಚಲ ಗೂಡಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಅದನ್ನು ಒಣ ಕೂದಲಿಗಷ್ಟೇ ಬಳಸಿ, ಗಾಳಿಯಾಡುವ ಕಡೆ ಇಡಿ.

ಬಾಚುವ ಕ್ರಮಕ್ಕೆ ಬಾಚಣಿಗೆಯಷ್ಟೇ ಮಹತ್ವವಿದೆ. ಹಳೆಯ ಹತ್ತಿ ಪಂಚೆಯಿಂದ ಕೂದಲನ್ನು ಒತ್ತಿ ನೀರು ತೆಗೆಯಬೇಕು, ತಿಕ್ಕಬಾರದು. ಮುಕ್ಕಾಲು ಒಣಗಿದ ಮೇಲೆ ಎರಡು ಪಾಲು ಮಾಡಿ, ಸಿಕ್ಕಿಗಿಂತ ನಾಲ್ಕು ಬೆರಳು ಮೇಲೆ ಕೂದಲನ್ನು ಬಿಗಿಯಾಗಿ ಹಿಡಿದು, ತುದಿಯ ಎರಡು ಇಂಚಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಬರಬೇಕು. ಹಿಡಿದ ಕೈ ಎಳೆತವನ್ನು ತಾನು ತಗೊಳ್ಳುವುದರಿಂದ ಬುಡಕ್ಕೆ ಪೆಟ್ಟು ಬೀಳುವುದಿಲ್ಲ. ಶಾಲೆಯ ದಿನ ಬೆಳಿಗ್ಗೆ ಮಿಂದು ಒದ್ದೆಯಲ್ಲೇ ಎರಡು ಜಡೆ ಹೆಣೆದರೆ ಸಂಜೆಯವರೆಗೂ ಒಳಗೆ ತೇವ ಉಳಿದು ಬುಡ ತುರಿಸುತ್ತದೆ, ಮುಗ್ಗುಲು ವಾಸನೆ ಬರುತ್ತದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತಲೆಗೆ ಮೀಯುವುದೇ ಸರಿಯಾದ ಏರ್ಪಾಡು.

ಮೀಯುವ ಒಂದು ಗಂಟೆ ಮೊದಲು ಒಂದೆರಡು ಚಮಚ ತೆಂಗಿನೆಣ್ಣೆ ಕೂದಲಿನ ಉದ್ದಕ್ಕೆ ಹಚ್ಚುವ ಅಜ್ಜಿಯ ಪದ್ಧತಿಗೆ ಗಟ್ಟಿ ಆಧಾರವಿದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ. ಕೂದಲಿನ ಒಳಕ್ಕೆ ಇಳಿಯಬಲ್ಲದು. ಆದರೆ ಎಣ್ಣೆಯನ್ನು ನೆತ್ತಿಯ ಮೇಲೆ ದಿನಗಟ್ಟಲೆ ಬಿಡಬೇಡಿ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಕೊಬ್ಬನ್ನೇ ತಿಂದು ಬೆಳೆಯುತ್ತದೆ. ಎಣ್ಣೆ ಹಣೆಗಿಳಿದರೆ ಈ ವಯಸ್ಸಿನಲ್ಲಿ ಮೊಡವೆಯೂ ಹೆಚ್ಚುತ್ತದೆ.

ಇನ್ನು ಬ್ಯಾಂಡು. ಅಡುಗೆಮನೆಯ ಪೊಟ್ಟಣಕ್ಕೆ ಹಾಕುವ ಬರಿ ರಬ್ಬರ್ ಬ್ಯಾಂಡು ಕೂದಲಿಗೆ ಅಂಟಿಕೊಂಡು, ತೆಗೆಯುವಾಗ ನಾಲ್ಕು ಎಳೆ ಕಿತ್ತುಕೊಂಡೇ ಬರುತ್ತದೆ. ಬಟ್ಟೆ ಹೊದೆಸಿದ, ಲೋಹದ ಕೊಂಡಿಯಿಲ್ಲದ ಬ್ಯಾಂಡು ತಗೊಳ್ಳಿ. ಎರಡು ಸುತ್ತಿಗೆ ನಿಲ್ಲುವ ಅಳತೆ ಸಾಕು, ಮೂರನೆಯದನ್ನು ಹಿಗ್ಗಿಸಿ ಸಿಕ್ಕಿಸಬೇಕಾದರೆ ಅದು ಚಿಕ್ಕದಾಯಿತು. ಜಡೆ ಮಡಚಿ ಕಟ್ಟುವ ಶಾಲೆಗಳಲ್ಲಿ ಟೇಪನ್ನು ಜಡೆಯ ಮೇಲೆ ಕಟ್ಟಬೇಕೇ ಹೊರತು ಕಿವಿಯ ಹಿಂದಿನ ಬುಡದ ಮೇಲಲ್ಲ.

ಬಿಗಿತದ ವಿಷಯ ಅಮ್ಮಂದಿರು ಗಮನಿಸಬೇಕಾದ್ದು. ದಿನವೂ ಒಂದೇ ಬೈತಲೆ, ಒಂದೇ ಬಿಗಿ ಜಡೆ ಹಾಕಿದರೆ ಕಣತಲೆ (ಕಣ್ಣು, ಕಿವಿಗಳ ನಡುವಿನ ಜಾಗ) ಮತ್ತು ಹಣೆಯಂಚಿನ ಬುಡಗಳು ಎಳೆತಕ್ಕೆ ಸೋಲುತ್ತವೆ. ಮೊದಲು ಸಣ್ಣ ಗುಳ್ಳೆ, ನೋವು. ಆಮೇಲೆ ಅಂಚು ತೆಳ್ಳಗಾಗುತ್ತದೆ. ಈ ಹಂತದಲ್ಲಿ ಸಡಿಲ ಬಿಟ್ಟರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕೂದಲು ಹುಟ್ಟುವ ಬುಡದ ಚೀಲವೇ ಗಾಯದ ಕಲೆಯಾಗಿ ಮುಚ್ಚಿಹೋಗುತ್ತದೆ. ಜಡೆ ಮುಗಿದ ಮೇಲೆ ಹುಬ್ಬು ಮೇಲೇರಿಸಲು ಹೇಳಿ. ಕಣತಲೆಯ ಚರ್ಮ ಜಗ್ಗಿದಂತಾದರೆ ಬಿಚ್ಚಿ ಸಡಿಲವಾಗಿ ಹಾಕಿ, ವಾರಕ್ಕೊಮ್ಮೆ ಬೈತಲೆಯನ್ನು ಒಂದು ಬೆರಳು ಸರಿಸಿ. ಮಲ್ಲಿಗೆ, ಅಬ್ಬಲಿಗೆ ಮಾಲೆಯನ್ನೂ ಜಡೆಯ ಹೆಣಿಗೆಗೇ ಸಿಕ್ಕಿಸುವುದು ಲೇಸು.

ಪಿನ್ನುಗಳು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ತುದಿಯ ಗುಂಡು ಉದುರಿದ ಪಿನ್ನಿನ ಬರಿ ತಂತಿ ನೆತ್ತಿ ಗೀರುತ್ತದೆ, ಅಂಥದ್ದನ್ನು ಆ ದಿನವೇ ಎಸೆಯಿರಿ.

ಸ್ಟ್ರೈಟನರ್ ಬೇಕೆಂದು ಹಟ ಹಿಡಿಯುವ ವಯಸ್ಸೂ ಇದೇ. ಅದು ಮಾಡುವುದು ಅದೇ ಹೈಡ್ರೋಜನ್ ಬಂಧಗಳನ್ನು ಶಾಖದಿಂದ ಬಿಡಿಸಿ ಹೊಸ ಜಾಗದಲ್ಲಿ ಕೂಡಿಸುವ ಕೆಲಸ. ಕರಾವಳಿಯ ಗಾಳಿಯ ತೇವ ಅವನ್ನು ಮತ್ತೆ ಬಿಡಿಸುತ್ತದೆ, ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಗುಂಗುರು ವಾಪಸ್. ಒದ್ದೆ ಕೂದಲಿಗೆ ಹಿಡಿದರೆ ಒಳಗಿನ ನೀರು ಕುದಿದು ಎಳೆಯಲ್ಲಿ ಗುಳ್ಳೆಗಳಾಗುತ್ತವೆ, ಚುಂಯ್ ಎನ್ನುವ ಸದ್ದು ಅದರದೇ. ಮದುವೆಯಂಥ ದಿನಕ್ಕೆ ಬೇಕೇಬೇಕೆಂದರೆ ಪೂರ್ತಿ ಒಣಗಿದ ಕೂದಲಿಗೆ, ಶಾಖ 180 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಒಂದೇ ಸಲ. ಶಾಖ ಹೊಂದಿಸುವ ಗುಂಡಿಯಿಲ್ಲದ ಯಂತ್ರ ಬೇಡವೇ ಬೇಡ. ಅಲೆಯಲೆ ಕೂದಲು ಬೇಕಾದರೆ ಕಾಸು ಖರ್ಚಿಲ್ಲದ ದಾರಿಯಿದೆ: ಕೊಂಚವೇ ತೇವವಿರುವ ಕೂದಲನ್ನು ರಾತ್ರಿ ಸಡಿಲ ಜಡೆ ಹಾಕಿ, ಬೆಳಿಗ್ಗೆ ಪೂರ್ತಿ ಒಣಗಿದ ಮೇಲೆ ಬಿಚ್ಚಿದರಾಯಿತು.

ಕೊನೆಯದಾಗಿ ಸೀರಣಿಗೆ. ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ಉದ್ದ ಹಲ್ಲಿನ ಲೋಹದ ಸೀರಣಿಗೆ ಒಳ್ಳೆಯದು, ಪ್ಲಾಸ್ಟಿಕ್ ಹಲ್ಲು ಬಾಗಿ ಸೀರನ್ನು ಬಿಟ್ಟುಬಿಡುತ್ತದೆ. ಕಂಡಿಷನರ್ ಹಚ್ಚಿದ ಒದ್ದೆ ಕೂದಲಲ್ಲಿ ಹೇನಿನ ಓಡಾಟ ನಿಧಾನ. ಮೊದಲು ಅಗಲ ಹಲ್ಲಿನದರಲ್ಲಿ ಸಿಕ್ಕು ಬಿಡಿಸಿ, ಆಮೇಲೆ ಬುಡದಿಂದ ತುದಿಯವರೆಗೆ ಸೀರಣಿಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಬೇಕು. ಸೀರು ಒಡೆದು ಮರಿಯಾಗಲು ಒಂದು ವಾರದಿಂದ ಹತ್ತು ದಿನ ಬೇಕಾದ್ದರಿಂದ ಒಂದು ಸಲಕ್ಕೆ ಮುಗಿಯುವುದಿಲ್ಲ, ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ನಡೆಸಬೇಕು. ಅವಳ ಬಾಚಣಿಗೆ, ಟೇಪುಗಳನ್ನು ಕೈ ಸುಡುವಷ್ಟು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ, ಮನೆಯ ಉಳಿದವರ ತಲೆಯನ್ನೂ ಅದೇ ದಿನ ನೋಡಿ.