ಕೈಗೆ ಸಿಗದ ನಿಪ್ಪಲ್‌ಗೆ ಗ್ರೀಸ್ ಹೊಡೆಯುವುದು ಹೇಗೆ

ಪಿಕಪ್ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುವ ಬಲ ಒಯ್ಯುವ ಉದ್ದ ದಂಡ) ಸದ್ದು ಮಾಡುತ್ತಿದೆ ಅಂತ ಬಂದಾಗ ಬಿಚ್ಚಿ ನೋಡಿದರೆ ಬಹಳ ಸಲ ಒಂದೇ ಕಥೆ. ಶಾಫ್ಟಿನ ಹಿಂದಿನ ತುದಿಯ ಜಾಯಿಂಟ್, ಅಂದರೆ ಕೀಲು, ಚೆನ್ನಾಗಿರುತ್ತದೆ, ಸುತ್ತ ಹೊಸ ಗ್ರೀಸ್ ಮೆತ್ತಿಕೊಂಡಿರುತ್ತದೆ. ಗೇರ್‌ಬಾಕ್ಸ್ ಕಡೆ, ಚಾಸಿಯ ಅಡ್ಡಪಟ್ಟಿಯ ಮರೆಯಲ್ಲಿರುವ ಜಾಯಿಂಟ್ ಮಾತ್ರ ಒಣಗಿ ತುಕ್ಕು ಹಿಡಿದಿರುತ್ತದೆ. ಗ್ರೀಸ್ ಹೊಡೆದವರು ಸೋಮಾರಿಗಳೇನಲ್ಲ. ಗ್ರೀಸ್ ಗನ್ನಿನ ಮೂತಿ ಅಲ್ಲಿನ ನಿಪ್ಪಲ್‌ಗೆ, ಅಂದರೆ ಗ್ರೀಸ್ ಒಳಗೆ ಹೋಗಲು ಇರುವ ಪುಟ್ಟ ಬಾಯಿಗೆ, ಹೋಗಲಿಲ್ಲ, ಬಿಟ್ಟರು, ಅಷ್ಟೇ.

ಈ ಜಾಯಿಂಟಿನ ಒಳಗೆ ನಾಲ್ಕು ತೋಳಿನ ಒಂದು ಕ್ರಾಸ್ ಇರುತ್ತದೆ. ಪ್ರತಿ ತೋಳಿನ ಮೇಲೆ ಒಂದು ಕಪ್, ಕಪ್ಪಿನೊಳಗೆ ಸೂಜಿ ಬೇರಿಂಗ್. ಬೇರೆ ಬೇರಿಂಗುಗಳ ಹಾಗೆ ಈ ಸೂಜಿಗಳು ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿಯಷ್ಟು ಹಿಂದೆ ಮುಂದೆ ಆಡುತ್ತವೆ. ಹಾಗಾಗಿ ಉಜ್ಜುವ ಜಾಗದಿಂದ ಗ್ರೀಸ್ ಪಕ್ಕಕ್ಕೆ ಸರಿದರೆ ತಾನಾಗಿ ವಾಪಸ್ ಬರುವುದು ಕಡಿಮೆ. ಅದರ ಮೇಲೆ ನೀರು ಸೇರಿತೋ, ಸೂಜಿಗಳು ತೋಳಿನ ಮೇಲೆ ಗೆರೆ ಗೆರೆಯಾಗಿ ಗುಳಿ ಬೀಳಿಸುತ್ತವೆ. ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಒಳಗೆ ಒಣಗಿದೆ ಅಂತಲೇ ತಿಳಿಯಿರಿ. ನಿಧಾನಕ್ಕೆ ಹೋಗುವಾಗ ಕಿಚ್ ಕಿಚ್ ಸದ್ದು ಬರುವುದು, ವೇಗ ಏರಿದಂತೆ ಅದೂ ಚುರುಕಾಗುವುದು ಮೊದಲ ಲಕ್ಷಣ. ರಿವರ್ಸ್‌ಗೆ ಹಾಕಿದಾಗ ಟಕ್ ಅನ್ನುವ ಹೊತ್ತಿಗೆ ಸಾಮಾನ್ಯವಾಗಿ ಗ್ರೀಸಿನ ಕಾಲ ಮುಗಿದಿರುತ್ತದೆ, ಕ್ರಾಸ್ ಬದಲಿಸಬೇಕು.

ನಿಪ್ಪಲ್ ಸಿಗುತ್ತಿಲ್ಲ ಅಂತ ಕೈ ತಿರುಚಿಕೊಂಡು ಒದ್ದಾಡಬೇಡಿ. ಶಾಫ್ಟನ್ನು ತಿರುಗಿಸಿ, ನಿಪ್ಪಲ್ಲೇ ನಿಮ್ಮ ಕಡೆಗೆ ಬರಲಿ. ಇದಕ್ಕೆ ಗಾಡಿಯನ್ನು ಎಷ್ಟು ಸರಿಸಬೇಕು ಗೊತ್ತಾ? ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಅನುಪಾತ 4ರ ಆಸುಪಾಸಿದ್ದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ 4 ಸುತ್ತು ಬರುತ್ತದೆ. ಚಕ್ರದ ಸುತ್ತಳತೆ 2.2 ಮೀಟರ್ ಅಂದುಕೊಂಡರೆ, ಶಾಫ್ಟ್ ಕಾಲು ಸುತ್ತು ತಿರುಗಲು ಗಾಡಿ ಸುಮಾರು 14 ಸೆಂಟಿಮೀಟರ್ ಸರಿದರೆ ಸಾಕು. ಒಂದು ಗೇಣೂ ಬೇಡ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಒಬ್ಬರು ತಳ್ಳಿದರೆ ಆಯಿತು. ಆದರೆ ಗಾಡಿ ಸರಿಯುವಾಗ ಕೆಳಗೆ ಯಾರೂ ಇರಬಾರದು. ಪ್ರತಿ ಸಲವೂ ಹೊರಗೆ ಬನ್ನಿ, ಸರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡೆ ಕೊಟ್ಟ ಮೇಲೆ ಒಳಗೆ ಹೋಗಿ. ಬೇಜಾರಿನ ಕೆಲಸವೇ, ಆದರೂ ಇದರಲ್ಲಿ ರಿಯಾಯಿತಿ ಇಲ್ಲ. ಗಾಡಿ ಎತ್ತಿ ಮಾಡುವುದಾದರೆ ಸ್ಟ್ಯಾಂಡ್ ಇಡಲೇಬೇಕು, ಜಾಕ್ ಒಂದನ್ನೇ ನಂಬಬೇಡಿ. ಒಂದು ಹಿಂದಿನ ಚಕ್ರ ಎತ್ತಿ ನ್ಯೂಟ್ರಲ್‌ನಲ್ಲಿ ಶಾಫ್ಟ್ ತಿರುಗಿಸುವಾಗ ನೆಲದ ಮೇಲಿರುವ ಇನ್ನೊಂದು ಹಿಂದಿನ ಚಕ್ರವೂ ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡೆ ಬೇಕು.

ಇನ್ನು ಮೂತಿಯ ವಿಷಯ. ಗನ್ನಿನ ಜೊತೆ ಬರುವ ಗಟ್ಟಿ ಪೈಪು ಮತ್ತು ನಿಪ್ಪಲ್ ತಲೆಯನ್ನು ಕಚ್ಚುವ ದಪ್ಪ ಕಪ್ಲರ್ ಇಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ. ಬಗ್ಗುವ ಹೋಸ್, ಅದರ ತುದಿಗೆ ತೆಳು ಕಪ್ಲರ್, ಜೊತೆಗೊಂದು 90 ಡಿಗ್ರಿಯ ಮೂತಿ ಇದ್ದರೆ ಹೆಚ್ಚಿನ ನಿಪ್ಪಲ್‌ಗಳು ಸಿಗುತ್ತವೆ. ಮೊದಲು ನಿಪ್ಪಲ್ ತಲೆಯನ್ನು ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದರ ಮೇಲಿನ ಮರಳನ್ನೂ ಒಳಗೆ ತಳ್ಳುತ್ತೀರಿ. ಕಪ್ಲರನ್ನು ನೇರವಾಗಿ ಒತ್ತಿ ಕೂರಿಸಿ, ಜಾಸ್ತಿ ಓರೆಯಾದರೆ ಗ್ರೀಸ್ ಪಕ್ಕಕ್ಕೆ ಹರಿಯುತ್ತದೆ. ತೆಗೆಯುವಾಗ ಸುಮ್ನೆ ಎಳೆಯಬೇಡಿ. ಸ್ವಲ್ಪ ವಾಲಿಸಿದರೆ ಒತ್ತಡ ಬಿಟ್ಟು ತಾನೇ ಕಳಚುತ್ತದೆ.

ಹೊಡೆಯುವಾಗ ನೋಡಬೇಕಾದ್ದು ಎಷ್ಟು ಸಲ ಒತ್ತಿದಿರಿ ಅನ್ನುವುದನ್ನಲ್ಲ, ನಾಲ್ಕೂ ಕಪ್‌ಗಳ ಅಂಚಿನ ಸೀಲುಗಳನ್ನು. ಹಳೆಯ ಕಪ್ಪು ಗ್ರೀಸ್ ಹೊರಬಂದು, ಹಿಂದೆಯೇ ಹೊಸದು ನಾಲ್ಕೂ ಕಡೆ ಇಣುಕಿದರೆ ಕೆಲಸ ಆಯಿತು. ಮೂರು ಕಡೆ ಬಂದು ಒಂದು ಕಡೆ ಬರಲಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಬೇಡಿ, ಹಾಳಾಗುವುದು ಆ ಒಂದು ಕಪ್ಪೇ. ಶಾಫ್ಟಿನ ಭಾರ ಅಥವಾ ಒತ್ತಡ ಬಿದ್ದು ಆ ತೋಳಿನ ದಾರಿ ಮುಚ್ಚಿರಬಹುದು. ಶಾಫ್ಟಿನ ಕೆಳಗೆ ಮರದ ತುಂಡು ಕೊಟ್ಟು ಮೆಲ್ಲಗೆ ಮೀಟಿ, ಆ ಕಪ್ಪಿನ ಮೇಲಿನ ಭಾರ ಇಳಿಸಿ ಮತ್ತೆ ಹೊಡೆಯಿರಿ. ಬಹಳ ಸಲ ಆಗ ಪಿಚಕ್ಕನೆ ಬರುತ್ತದೆ. ಆಗಲೂ ಬರದಿದ್ದರೆ ಬಿಚ್ಚಿ ನೋಡುವುದೇ ಸರಿ.

ಫೋರ್ ವ್ಹೀಲ್ ಡ್ರೈವ್ ಗಾಡಿಗಳ ಶಾಫ್ಟಿನಲ್ಲಿ, ಅದರಲ್ಲೂ ಮುಂದಿನದರಲ್ಲಿ, ಕೆಲವು ಕಡೆ ಅಕ್ಕಪಕ್ಕ ಎರಡು ಕ್ರಾಸ್ ಇರುವ ಜೋಡಿ ಜಾಯಿಂಟ್ ಬರುತ್ತದೆ. ಆ ಎರಡರ ನಡುವೆ ಒಂದು ಗುಂಡು ಇರುತ್ತದೆ, ಎರಡೂ ಕ್ರಾಸುಗಳನ್ನು ಹದದಲ್ಲಿ ಇಡುವುದು ಅದೇ. ಅದರ ನಿಪ್ಪಲ್ ಬಹಳ ಗಾಡಿಗಳಲ್ಲಿ ಸಣ್ಣದು, ಗುಳಿಯೊಳಗೆ ಹೂತಿರುತ್ತದೆ. ಅದಕ್ಕೆ ತಲೆಯೇ ಇಲ್ಲ, ಕಪ್ಲರ್ ಕಚ್ಚುವುದಿಲ್ಲ. ಇದೊಂದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಲ್ಲಿ ಸೂಜಿ ಮೂತಿಯೇ ಬೇಕು. ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತಾ ಟಾರ್ಚ್ ಹಿಡಿದು ನೋಡಿ, ಕ್ರಾಸ್ ಹಿಡಿದಿರುವ ಎರಡು ಯೋಕುಗಳ (ಕವಲುಗಳ) ಸಂದಿಯಲ್ಲಿ ಅದು ಕಾಣುವ ಜಾಗ ಒಂದೇ ಇರುತ್ತದೆ. ಮೂತಿಯನ್ನು ಗುಳಿಗೆ ಗಟ್ಟಿಯಾಗಿ ಒತ್ತಿ ಹಿಡಿದು ಎರಡು ಮೂರು ಸಲ ಮೆಲ್ಲಗೆ ಒತ್ತಿದರೆ ಸಾಕು.

ಸೂಜಿ ಮೂತಿಯ ತುದಿಗೆ ಬೆರಳು ಅಡ್ಡ ಹಿಡಿಯಬೇಡಿ. ಕೈಯಿಂದ ಒತ್ತುವ ಗನ್ನೂ ಸಾವಿರಾರು ಪಿಎಸ್ಐ ಒತ್ತಡ ಕೊಡುತ್ತದೆ, ಗ್ರೀಸ್ ಚರ್ಮ ತೂರಿ ಒಳಗೆ ಹೋಗಬಹುದು. ಹೊರಗೆ ಚುಕ್ಕಿಯಷ್ಟೇ ಗಾಯ, ನೋವೂ ಕಡಿಮೆ ಇರಬಹುದು. ಆದರೆ ಒಳಗೆ ಬೆರಳೇ ಹೋಗುವಷ್ಟು ಹಾನಿ ಆಗುತ್ತಿರುತ್ತದೆ. ಹಾಗೇನಾದರೂ ಆದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ, ಗ್ರೀಸ್ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ.

ಶಾಫ್ಟ್ ಉದ್ದ ಗಿಡ್ಡ ಆಗುವ ಸ್ಪ್ಲೈನ್ (ಒಂದರೊಳಗೊಂದು ಜಾರುವ ಹಲ್ಲುಗಳು) ಜಾಗದ ನಿಪ್ಪಲ್‌ಗೆ ನಿಯಮ ಬೇರೆ. ಅಲ್ಲಿ ಹೊರಬರುವ ತನಕ ಹೊಡೆಯುತ್ತಲೇ ಇದ್ದರೆ ಒಳಗಿನ ಖಾಲಿ ಜಾಗ ತುಂಬಿ, ಸ್ಪ್ರಿಂಗ್ ಕುಗ್ಗಿದಾಗ ಶಾಫ್ಟ್ ಒಳಗೆ ಸರಿಯಲಾಗದೆ ಗೇರ್‌ಬಾಕ್ಸ್ ಬೇರಿಂಗಿಗೆ ಗುದ್ದು ಬೀಳುತ್ತದೆ. ಶಾಫ್ಟ್ ತುಸು ಉದ್ದವಾಗುವಂತೆ ಕಂಡ ತಕ್ಷಣ ನಿಲ್ಲಿಸಿ.

ಗ್ರೀಸ್ ಯಾವುದು, ಎಷ್ಟು ಕಿಲೋಮೀಟರಿಗೊಮ್ಮೆ ಅನ್ನುವುದನ್ನು ಗಾಡಿಯ ಪುಸ್ತಕದಲ್ಲಿ ನೋಡಿ. ಸಾಮಾನ್ಯವಾಗಿ ಗಟ್ಟಿತನದ ಅಳತೆಯಲ್ಲಿ 2ನೇ ದರ್ಜೆಯ (NLGI 2) ಲಿಥಿಯಂ ಗ್ರೀಸ್, ಸ್ಪ್ಲೈನಿಗೆ ಕೆಲವು ಕಂಪನಿಗಳು ಮಾಲಿಬ್ಡಿನಂ ಇರುವುದನ್ನು ಹೇಳುತ್ತವೆ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಸೇರಿದರೆ ನೀರಾಗಿ ಹರಿದುಹೋಗುತ್ತವೆ. ಆಳದ ನೀರಿನಲ್ಲಿ ಗಾಡಿ ದಾಟಿಸಿದರೆ ಕಿಲೋಮೀಟರ್ ಲೆಕ್ಕ ನೋಡದೆ ಗ್ರೀಸ್ ಹೊಡೆಯಿರಿ.

ಮುಂದೆ ಯಾವಾಗಲಾದರೂ ಕ್ರಾಸ್ ಬದಲಿಸಿದರೆ, ನಿಪ್ಪಲ್ ಶಾಫ್ಟಿನ ಕಡೆಗೆ ಮುಖ ಮಾಡುವಂತೆ ಕೂರಿಸಲು ಮೆಕ್ಯಾನಿಕ್‌ಗೆ ಹೇಳಿ. ಎರಡೂ ತುದಿಯ ನಿಪ್ಪಲ್‌ಗಳು ಒಂದೇ ಸಾಲಿಗೆ ಬಂದರೆ ಗಾಡಿ ಒಮ್ಮೆ ನಿಲ್ಲಿಸಿ ಎರಡಕ್ಕೂ ಹೊಡೆಯಬಹುದು. ಸ್ಪ್ಲೈನ್ ಬಿಚ್ಚುವುದಿದ್ದರೆ ಮೊದಲೇ ಎರಡೂ ಭಾಗಕ್ಕೆ ಪೇಂಟ್ ಗುರುತು ಹಾಕಿಸಿ. ಹಲ್ಲು ತಪ್ಪಿ ಕೂತರೆ ಗಾಡಿ ನಡುಗುತ್ತದೆ.